ರೋಗಿಯ ಎದುರಿನಲ್ಲೇ ನಡೆಯುವ ಪರೀಕ್ಷೆ

ಜ್ವರವೆಂದು ಹೋದವರಿಗೆ ವೈದ್ಯರು ಚೀಟಿ ಬರೆದು, ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿರೆಂದು ಹೇಳುವುದು ನಮಗೆಲ್ಲ ಪರಿಚಿತವಾದ ಸಂಗತಿ. ಅನೇಕ ಹಳ್ಳಿಗಳಲ್ಲಿ ಪ್ರಯೋಗಾಲಯವಿರುವುದಿಲ್ಲ. ತಾಲ್ಲೂಕು ಕೇಂದ್ರಕ್ಕೆ ಹೋಗಿ ರಕ್ತ ಕೊಡಬೇಕು, ವರದಿಗಾಗಿ ಸಂಜೆಯವರೆಗೋ ಮರುದಿನದವರೆಗೋ ಕಾಯಬೇಕು, ಅದನ್ನು ಹಿಡಿದು ಪುನಃ ವೈದ್ಯರನ್ನು ಕಾಣಬೇಕು. ಒಂದು ಕಾಯಿಲೆಗಾಗಿ ಮೂರು ಬಾರಿ ಬಸ್ಸು ಹತ್ತುವ ಈ ಅಲೆದಾಟದಲ್ಲಿ ಕೂಲಿಕಾರರು ಕೂಲಿಯನ್ನು ಕಳೆದುಕೊಳ್ಳುತ್ತಾರೆ. ವೃದ್ಧರು ಜೊತೆಗೆ ಬರುವವರಿಲ್ಲದೆ ಮನೆಯಲ್ಲೇ ಉಳಿಯುತ್ತಾರೆ. ವರದಿಯನ್ನು ಪಡೆಯಲು ಮರಳಿ ಬಾರದವರ ಸಂಖ್ಯೆಯೂ ಕಡಿಮೆಯಲ್ಲ. ರೋಗವೇನೆಂಬುದು ಕಾಗದದ ಮೇಲೆ ತಿಳಿದಿದ್ದರೂ ಅಂಥವರಿಗೆ ಚಿಕಿತ್ಸೆ ದೊರೆಯುವುದಿಲ್ಲ.

ಈ ಅಂತರವನ್ನು ತಗ್ಗಿಸುವ ಉದ್ದೇಶದಿಂದ ರೂಪುಗೊಂಡವೇ ಶೀಘ್ರ ಪರೀಕ್ಷೆಗಳು. ರೋಗಿಯು ಎದುರಿನಲ್ಲಿ ಕುಳಿತಿರುವಾಗಲೇ ಒಂದು ಹನಿ ರಕ್ತ, ಮೂತ್ರ ಅಥವಾ ಕಫದಿಂದ ಕೆಲವು ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಗಳಲ್ಲಿ ಉತ್ತರ ದೊರೆಯುತ್ತದೆ. ಮನೆಯಲ್ಲಿ ಸಕ್ಕರೆ ನೋಡುವ ಗ್ಲುಕೋಮೀಟರ್, ಗರ್ಭಧಾರಣೆಯನ್ನು ತಿಳಿಸುವ ಪಟ್ಟಿ, ಕೊರೋನಾ ಕಾಲದಲ್ಲಿ ನಾವೆಲ್ಲ ಕಂಡ ಮೂಗಿನ ದ್ರವದ ಕಿಟ್ ಇವೆಲ್ಲವೂ ಇದೇ ವರ್ಗಕ್ಕೆ ಸೇರಿದವು.

ಪಟ್ಟಿಯ ಮೇಲೆ ಗೆರೆ ಮೂಡುವುದು ಹೇಗೆಂದು ಭಕ್ತರಲ್ಲಿ ಹಲವರು ಕೇಳುವುದುಂಟು. ಪ್ರಣತಿಯ ಬತ್ತಿಯಲ್ಲಿ ಎಣ್ಣೆಯು ತಾನಾಗಿ ಏರುವಂತೆ, ಪಟ್ಟಿಯ ಒಂದು ತುದಿಗೆ ಹಾಕಿದ ದ್ರವವು ಇನ್ನೊಂದು ತುದಿಯತ್ತ ಹರಿಯುತ್ತದೆ. ದಾರಿಯಲ್ಲಿ ಬಣ್ಣದ ಕಣಗಳನ್ನು ಹೊತ್ತ ಪ್ರತಿಕಾಯಗಳನ್ನು ಇರಿಸಲಾಗಿರುತ್ತದೆ. ರೋಗಾಣುವಿನ ಅಂಶವು ದ್ರವದಲ್ಲಿದ್ದರೆ ಅವು ಅದನ್ನು ಹಿಡಿದುಕೊಂಡು ಮುಂದೆ ಸಾಗಿ, ನಿಗದಿತ ಸ್ಥಳದಲ್ಲಿ ತಂಗಿ ಗೆರೆಯಾಗಿ ಕಾಣಿಸಿಕೊಳ್ಳುತ್ತವೆ. ಅದರಾಚೆಗಿನ ಮತ್ತೊಂದು ಗೆರೆಯು ಪಟ್ಟಿಯು ಸರಿಯಾಗಿ ಕೆಲಸ ಮಾಡಿದೆಯೆಂಬುದಕ್ಕೆ ಸಾಕ್ಷಿ. ಆ ಸಾಕ್ಷಿಗೆರೆಯೇ ಮೂಡದಿದ್ದಲ್ಲಿ ರೋಗವಿದೆಯೆಂದಾಗಲಿ ಇಲ್ಲವೆಂದಾಗಲಿ ಹೇಳುವಂತಿಲ್ಲ. ಹೊಸ ಪಟ್ಟಿಯಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಇಂತಹ ಪರೀಕ್ಷೆಯಿಂದ ರೋಗಿಗೆ ಆಗುವ ಲಾಭವನ್ನು ಮಲೇರಿಯಾದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇರೊಂದಿಲ್ಲ. ಹಿಂದೆ ಆರೋಗ್ಯ ಕಾರ್ಯಕರ್ತರು ಜ್ವರಪೀಡಿತರ ರಕ್ತವನ್ನು ಗಾಜಿನ ಮೇಲೆ ಲೇಪಿಸಿ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿ ಉತ್ತರ ಬರುವ ಹೊತ್ತಿಗೆ ದೂರದ ಹಳ್ಳಿಗಳಲ್ಲಿ ದಿನಗಳೇ ಉರುಳಿರುತ್ತಿದ್ದವು. ಈಗ ಆಶಾ ಕಾರ್ಯಕರ್ತೆಯು ಮನೆಯ ಜಗುಲಿಯ ಮೇಲೆಯೇ ಬೆರಳಿಗೆ ಚುಚ್ಚಿ, ಸುಮಾರು 20 ನಿಮಿಷಗಳಲ್ಲಿ ಮಲೇರಿಯಾ ಇದೆಯೇ ಎಂಬುದನ್ನಷ್ಟೇ ಅಲ್ಲ, ಅದು ಫಾಲ್ಸಿಪಾರಂ ಜಾತಿಯದೋ ವೈವಾಕ್ಸ್ ಜಾತಿಯದೋ ಎಂಬುದನ್ನೂ ತಿಳಿಯಬಲ್ಲಳು. ಈ ಭೇದ ಮುಖ್ಯವಾದುದು, ಏಕೆಂದರೆ ಔಷಧಿ ಬೇರೆ ಬೇರೆ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಮರುಕಳಿಸುವುದರಿಂದ, ಕ್ಲೋರೋಕ್ವಿನ್ ಜೊತೆಗೆ 14 ದಿನಗಳ ಪ್ರೈಮಾಕ್ವಿನ್ ಬೇಕಾಗುತ್ತದೆ. ಫಾಲ್ಸಿಪಾರಂ ಮಿದುಳಿಗೆ ಏರಿ ಪ್ರಾಣವನ್ನೇ ತೆಗೆಯಬಲ್ಲದು. ಅಲ್ಲಿ ಆರ್ಟೆಮಿಸಿನಿನ್ ಸಂಯುಕ್ತ ಔಷಧಿಯನ್ನು ತಡಮಾಡದೆ ಕೊಡಬೇಕು. ಒಡಿಶಾದ ಗುಡ್ಡಗಾಡಿನ ದುರ್ಗಮ ಹಳ್ಳಿಗಳಲ್ಲಿ 2017ರಿಂದ ಜ್ವರವಿದ್ದವರನ್ನೂ ಇಲ್ಲದವರನ್ನೂ ಸೇರಿಸಿ ಊರಿಗೆ ಊರನ್ನೇ ಪರೀಕ್ಷಿಸಿ, ಸೋಂಕು ಕಂಡವರಿಗೆ ಅಲ್ಲಿಯೇ ಔಷಧಿ ಕೊಡಲಾಯಿತು. ಔಷಧಿ ಲೇಪಿಸಿದ ಸೊಳ್ಳೆಪರದೆಗಳನ್ನೂ ವ್ಯಾಪಕವಾಗಿ ಹಂಚಲಾಯಿತು. 2016ರಲ್ಲಿ 4 ಲಕ್ಷವನ್ನು ಮೀರಿದ್ದ ಆ ರಾಜ್ಯದ ಮಲೇರಿಯಾ ಪ್ರಕರಣಗಳು 2018ರಲ್ಲಿ 1 ಲಕ್ಷಕ್ಕಿಂತ ಕೆಳಗಿಳಿದವು. ಈ ಫಲವನ್ನು ಪಟ್ಟಿಯೊಂದರ ಲೆಕ್ಕಕ್ಕೇ ಬರೆಯಲಾಗದು. ಪರೀಕ್ಷೆ ಮಾಡಿದ ಕಾರ್ಯಕರ್ತೆಯ ಚೀಲದಲ್ಲಿಯೇ ಮಾತ್ರೆಯೂ ಇತ್ತೆಂಬುದನ್ನು ಗಮನಿಸಬೇಕು.

ಕ್ಷಯರೋಗದಲ್ಲಿ ತಡವೆಂಬುದು ಮನೆಮಂದಿಗೆಲ್ಲ ಅಪಾಯ. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರೋಗಾಣುಗಳು ಬಹುಸಂಖ್ಯೆಯಲ್ಲಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ವಿಧಾನಕ್ಕೆ ವಾರಗಳೇ ಹಿಡಿಯುತ್ತವೆ. ಅಷ್ಟು ಕಾಲ ರೋಗಿಯು ಕೆಮ್ಮುತ್ತ ಮಕ್ಕಳು ಮೊಮ್ಮಕ್ಕಳ ನಡುವೆಯೇ ಇರುತ್ತಾನೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೋಲ್‌ಬಯೋ ಸಂಸ್ಥೆಗಳಿಂದ ಹೊರಬಂದ ಟ್ರೂನ್ಯಾಟ್ ಎಂಬ ಉಪಕರಣವು ರೋಗಾಣುವಿನ ವಂಶವಾಹಿಯನ್ನೇ ಹುಡುಕುತ್ತದೆ. ಬ್ಯಾಟರಿಯಿಂದ ನಡೆಯುವ ಈ ಪೆಟ್ಟಿಗೆಯಂತಹ ಯಂತ್ರಕ್ಕೆ ಹವಾನಿಯಂತ್ರಿತ ಕೋಣೆಯ ಅವಶ್ಯಕತೆಯಿಲ್ಲ. ಸುಮಾರು ಒಂದು ಗಂಟೆಯಲ್ಲಿ ಕ್ಷಯವಿದೆಯೇ ಎಂಬುದನ್ನೂ, ಇದ್ದಲ್ಲಿ ಮತ್ತೊಂದು ಗಂಟೆಯಲ್ಲಿ ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುವುದೇ ಎಂಬುದನ್ನೂ ತಿಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಇದಕ್ಕೆ ಮನ್ನಣೆ ನೀಡಿತು. ನಮ್ಮ ನಾಡಿನ ಪರಿಶ್ರಮವೂ ಸೇರಿರುವ ಈ ಉಪಕರಣದ ಬಗ್ಗೆ ಹೆಮ್ಮೆ ಪಡುವುದು ಸಹಜವೇ. ಎರಡು ವಾರ ಮೀರಿದ ಕೆಮ್ಮನ್ನು ಕಷಾಯದಲ್ಲೇ ಕಳೆಯದೆ ಕಫ ಪರೀಕ್ಷೆಗೆ ಹೋಗುವುದು ಅದಕ್ಕಿಂತ ಅಗತ್ಯ.

ಹೃದಯಾಘಾತದಲ್ಲಿ ಲೆಕ್ಕ ನಿಮಿಷಗಳದು. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ, ಎದೆನೋವಿನಿಂದ ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ದೂರದಲ್ಲಿರುವ ತಜ್ಞರಿಗೆ ಕೂಡಲೇ ರವಾನಿಸಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡಿದೆ. ಇದನ್ನು ಅರಿಯದೆ, ಎದೆನೋವು ಬಂದವರನ್ನು ಹತ್ತಿರದ ತಾಲ್ಲೂಕು ಆಸ್ಪತ್ರೆಯನ್ನು ದಾಟಿಸಿ ನೇರವಾಗಿ ದೂರದ ನಗರಕ್ಕೆ ಕರೆದೊಯ್ಯುವ ಆತುರವನ್ನು ನಾವು ಇಂದಿಗೂ ಕಾಣುತ್ತೇವೆ. ಹೃದಯದ ಸ್ನಾಯುವಿಗೆ ಪೆಟ್ಟಾದುದನ್ನು ಹೇಳುವ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯೂ ಇದೆ. ಆದರೆ ನೋವು ಆರಂಭವಾದ ಮೊದಲ ಕೆಲವು ಗಂಟೆಗಳಲ್ಲಿ ಅದು ಏನನ್ನೂ ತೋರಿಸದಿರಬಹುದು. ಒಮ್ಮೆ ಇಲ್ಲವೆಂದು ಬಂದ ಮಾತ್ರಕ್ಕೆ ಮನೆಗೆ ಹೊರಡದೆ, ವೈದ್ಯರು ಮತ್ತೆ ನೋಡುವವರೆಗೆ ಅಲ್ಲಿಯೇ ಇರಬೇಕು.

ಡೆಂಗಿಯಲ್ಲಿಯೂ ಇದೇ ಎಚ್ಚರ ಬೇಕು. ಎನ್‌ಎಸ್1 ಎಂಬ ಅಂಶವು ಜ್ವರದ ಮೊದಲ ಐದಾರು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ, ಐಜಿಎಂ ಪ್ರತಿಕಾಯವು ಸುಮಾರು ಐದನೆಯ ದಿನದಿಂದೀಚೆಗೆ. ಯಾವ ದಿನ ಯಾವ ಪರೀಕ್ಷೆಯೆಂಬುದು ತಪ್ಪಿದರೆ ಉತ್ತರವೂ ತಪ್ಪುತ್ತದೆ. ಪಟ್ಟಿಯ ಫಲಿತಾಂಶವನ್ನು ಸರ್ಕಾರವು ಅಂತಿಮವೆಂದು ಪರಿಗಣಿಸುವುದಿಲ್ಲ. ಎಲೈಸಾ ಪರೀಕ್ಷೆಯಿಂದ ದೃಢಪಡಿಸಬೇಕಾಗುತ್ತದೆ. ಪಟ್ಟಿಯಲ್ಲಿ ಡೆಂಗಿ ಇಲ್ಲವೆಂದು ಬಂದಿದ್ದರೂ ಜ್ವರವಿಳಿದ ಹೊತ್ತಿನಲ್ಲಿ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಅತಿಯಾದ ಸುಸ್ತು ಕಂಡುಬಂದರೆ ಆಸ್ಪತ್ರೆಗೆ ಧಾವಿಸಬೇಕು. ಮಲೇರಿಯಾದ ಕೆಲವು ಪಟ್ಟಿಗಳ ದೋಷ ಇದಕ್ಕೆ ವಿರುದ್ಧವಾದುದು. ರೋಗ ವಾಸಿಯಾದ ಮೇಲೂ ವಾರಗಳ ಕಾಲ ಅವು ಗೆರೆಯನ್ನು ತೋರಿಸುತ್ತವೆ. ಆದ್ದರಿಂದ ಹಿಂದಿನ ತಿಂಗಳು ಮಲೇರಿಯಾಕ್ಕೆ ಔಷಧಿ ತೆಗೆದುಕೊಂಡವರು ಅದನ್ನು ಮೊದಲೇ ಹೇಳಬೇಕು.

ಇನ್ನು ಮನೆಯ ಗ್ಲುಕೋಮೀಟರ್. ಪ್ರಸಾದದ ಬಾಳೆಹಣ್ಣನ್ನೋ ಬೆಲ್ಲವನ್ನೋ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಸಕ್ಕರೆಯು ಇರುವುದಕ್ಕಿಂತ ಬಹಳ ಹೆಚ್ಚಾಗಿ ಕಾಣುತ್ತದೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡರೆ ಪ್ರಾಣಾಪಾಯವೇ ಆದೀತು. ಸೋಪಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿ, ನಂತರ ಚುಚ್ಚಬೇಕು. ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ಮಳೆಗಾಲದ ತೇವಕ್ಕೆ ಅವು ಕೆಡುತ್ತವೆ. ಅವಧಿ ಮುಗಿದವನ್ನು ಬಳಸಬಾರದು. ಮಧುಮೇಹಿಯು ಬೆವರಿ, ನಡುಗಿ, ತೊದಲತೊಡಗಿದರೆ ತಕ್ಷಣ ಸಕ್ಕರೆ ನೋಡಬೇಕು. 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಸಕ್ಕರೆಯ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಕಡೆಯದಾಗಿ, ಜಾತ್ರೆ ಉತ್ಸವಗಳಲ್ಲಿ ಏರ್ಪಡುವ ಉಚಿತ ತಪಾಸಣಾ ಶಿಬಿರಗಳ ವಿಷಯ. ನೂರಾರು ಜನರು ಸಾಲಿನಲ್ಲಿ ನಿಂತು ಬೆರಳು ಚುಚ್ಚಿಸಿಕೊಳ್ಳುತ್ತಾರೆ, ಅಂಕೆ ಬರೆದ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಊರಿಗೆ ಮರಳುತ್ತಾರೆ. ಮುಂದಿನ ವರ್ಷದ ಶಿಬಿರಕ್ಕೆ ಅದೇ ಸಕ್ಕರೆಯೊಂದಿಗೆ, ಕೆಲವರು ಕಾಲಿನ ಹುಣ್ಣಿನೊಂದಿಗೆ ಬರುತ್ತಾರೆ. ಚಿಕಿತ್ಸೆಗೆ ದಾರಿ ತೋರದ ಶಿಬಿರದಿಂದ ರೋಗಿಗೆ ಭಯವೊಂದು ಬಂದೀತೇ ಹೊರತು ಪ್ರಯೋಜನವಾಗದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಏರ್ಪಡಿಸುವ ಸದ್ಭಕ್ತರು ಕಿಟ್‌ಗಳ ಸಂಖ್ಯೆಯನ್ನು ಎಣಿಸುವ ಮೊದಲು, ಸಕ್ಕರೆ ಹೆಚ್ಚಿದ್ದವರನ್ನು ಅಂದೇ ನೋಡುವ ವೈದ್ಯರು ಯಾರು, ಅವರ ಹೆಸರು ಊರುಗಳನ್ನು ಬರೆದುಕೊಂಡು ಆಯಾ ಆಶಾ ಕಾರ್ಯಕರ್ತೆಗೆ ತಿಳಿಸುವವರು ಯಾರು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಚೀಟಿ ಪಡೆದವರು ಅದನ್ನು ಒಂದು ವಾರದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ರಾತ್ರಿಯಿಂದ ಎಂಟು ಗಂಟೆ ಏನನ್ನೂ ತಿನ್ನದೆ ಹೋಗಿ, ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸಕ್ಕರೆಯನ್ನು ನೋಡಿಸಬೇಕು. ಅದು 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ದಿನ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ಮಧುಮೇಹವನ್ನು ಖಚಿತಪಡಿಸುತ್ತಾರೆ, ಚಿಕಿತ್ಸೆಯನ್ನು ಆರಂಭಿಸುತ್ತಾರೆ.