ಮೇಲ್ಸೇತುವೆ ಇಲ್ಲದ ಊರಿನ ಸುಡೊಕು

2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಎರಡು ವಿಶ್ವಮಟ್ಟದ ಸ್ಪರ್ಧೆಗಳು ಒಂದೇ ವಾರದಲ್ಲಿ ನಡೆದವು: 12ನೇ ವಿಶ್ವ ಸುಡೊಕು ಚಾಂಪಿಯನ್‌ಷಿಪ್ ಮತ್ತು 26ನೇ ವಿಶ್ವ ಪಜಲ್ ಚಾಂಪಿಯನ್‌ಷಿಪ್. ಸುಡೊಕು ಕೂಟ 2008ರಲ್ಲೇ ಗೋವಾಕ್ಕೆ ಬಂದುಹೋಗಿತ್ತು. ಎರಡಕ್ಕೂ ಬೇರೆ ಬೇರೆ ಪದಕ ಏಕೆಂದರೆ ಎರಡೂ ಬೇರೆ ಬೇರೆ ವಿದ್ಯೆ. ಸುಡೊಕುವಿನಲ್ಲಿ ಅಂಕಿ ತುಂಬುವುದೇ ಕೆಲಸ. ಪಜಲ್ ವಿಭಾಗದಲ್ಲಿ ಮನೆಗಳನ್ನು ಕಪ್ಪು ಮಾಡುವುದು, ಗೆರೆ ಎಳೆಯುವುದು, ಚೌಕವನ್ನು ತುಂಡು ಮಾಡುವುದು, ಹೀಗೆ ನೂರೆಂಟು ಬಗೆ. ಇತ್ತೀಚಿನ ವರ್ಷಗಳಲ್ಲಿ ಒಗಟುಪ್ರಿಯರನ್ನು ಹೆಚ್ಚು ಕಾಡುತ್ತಿರುವುದು ಇವೆರಡರ ಮಿಶ್ರತಳಿ. ಅದರಲ್ಲಿ ಪ್ರತಿ ಮನೆಗೂ ಒಂದು ಅಂಕಿ ಬೇಕು, ಒಂದು ಬಣ್ಣವೂ ಬೇಕು.

ಸುಡೊಕುವಿನ ಚರಿತ್ರೆ ಹಲವರಿಗೆ ಗೊತ್ತು. ಅಮೆರಿಕದ ವಾಸ್ತುಶಿಲ್ಪಿ ಹೊವರ್ಡ್ ಗಾರ್ನ್ಸ್ ಕಟ್ಟಿದ ಒಗಟು 1979ರಲ್ಲಿ ಅಚ್ಚಾಯಿತು, 1984ರಲ್ಲಿ ಜಪಾನಿನ ನಿಕೋಲಿ ಪ್ರಕಾಶನದ ಕೈಯಲ್ಲಿ ಅದಕ್ಕೆ ಈಗಿನ ಹೆಸರು ಬಂತು, 2004ರ ನವೆಂಬರ್‌ನಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಸೇರಿ ಲೋಕ ಸುತ್ತಿತು. ಮನೆಗಳಿಗೆ ಕಪ್ಪು ಬಳಿಯುವ ನುರಿಕಾಬೆ, ಹಿತೋರಿಗಳೂ ಅದೇ ನಿಕೋಲಿಯ ಅಂಗಳದಲ್ಲಿ ಬೆಳೆದವು.

ಮಿಶ್ರತಳಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಯಿನ್-ಯಾಂಗ್ ಸುಡೊಕು. ಅಡ್ಡಸಾಲು, ಕಂಬಸಾಲು, 3×3 ಚೌಕ ಇವುಗಳಲ್ಲಿ 1ರಿಂದ 9 ಒಮ್ಮೊಮ್ಮೆ ಬರಬೇಕೆಂಬ ಹಳೆಯ ನಿಯಮ ಹಾಗೇ ಇರುತ್ತದೆ. ಅದರ ಮೇಲೆ ಪ್ರತಿ ಮನೆಯೂ ಕಪ್ಪಾಗಬೇಕು ಇಲ್ಲವೇ ಬಿಳಿಯಾಗಬೇಕು. ಕಪ್ಪು ಮನೆಗಳೆಲ್ಲ ಬದಿಗೆ ಬದಿ ತಾಗಿ ಒಂದೇ ತುಂಡಾಗಿರಬೇಕು, ಬಿಳಿಯವೂ ಹಾಗೆಯೇ. 2×2ರ ನಾಲ್ಕೂ ಮನೆ ಒಂದೇ ಬಣ್ಣದ್ದಾಗಬಾರದು. ನಿಯಮ ಇಷ್ಟೇ. ಆದರೆ ‘ಒಂದೇ ತುಂಡು’ ಎಂಬ ಮಾತಿನೊಳಗೆ ಎಷ್ಟು ಗಣಿತ ಅಡಗಿದೆ ನೋಡಿ.

ಬೆಂಗಳೂರಿನ ಕಲ್ಯಾಣ ನಗರದವರಿಗೆ ಇದನ್ನು ವಿವರಿಸುವುದು ಸುಲಭ. ಹೆಣ್ಣೂರು ಕ್ರಾಸ್‌ನಲ್ಲಿ ಹೊರವರ್ತುಲ ರಸ್ತೆಯೂ ಹೆಣ್ಣೂರು ರಸ್ತೆಯೂ ಸಿಗ್ನಲ್ಲಿಗೆ ನಿಲ್ಲದೆ ಒಂದನ್ನೊಂದು ದಾಟಬೇಕೆಂದರೆ, ಒಂದು ಮೇಲಕ್ಕೆ ಏಳಲೇಬೇಕು. ಅದಕ್ಕೇ ಅಲ್ಲಿ ಮೇಲ್ಸೇತುವೆ. ಕಾಗದದ ಮೇಲಿನ ಚೌಕಕ್ಕೆ ಆ ಸೌಕರ್ಯವಿಲ್ಲ. 2×2 ಜಾಗದಲ್ಲಿ ಚದುರಂಗದ ಹಲಗೆಯಂತೆ ಕಪ್ಪು-ಬಿಳಿ ಓರೆಯಾಗಿ ಕೂತವು ಎನ್ನೋಣ. ಎರಡು ಕಪ್ಪು ಮನೆಗಳು ಕೂಡಿಕೊಳ್ಳಲು ಎಲ್ಲೋ ಸುತ್ತಿ ಬರಬೇಕು. ಹಾಗೆ ಬಂದ ಕಪ್ಪು ದಾರಿ ಎರಡರಲ್ಲೊಂದು ಬಿಳಿ ಮನೆಯನ್ನು ಬೇಲಿ ಹಾಕಿದಂತೆ ಸುತ್ತುವರಿಯುತ್ತದೆ. ಒಳಗಿನ ಬಿಳಿ ಹೊರಗಿನ ಬಿಳಿಯನ್ನು ಸೇರಲಾರದು. ಆದ್ದರಿಂದ ಓರೆ ಜೋಡಣೆಗೆ ಎಲ್ಲಿಯೂ ಜಾಗವಿಲ್ಲ. ತನ್ನನ್ನು ತಾನೇ ದಾಟದ ಮುಚ್ಚಿದ ವಕ್ರರೇಖೆ ಸಮತಲವನ್ನು ಒಳಗು, ಹೊರಗು ಎಂದು ಎರಡು ಮಾಡುತ್ತದೆ ಎಂಬ ಈ ಮಾತು ಫ್ರಾನ್ಸಿನ ಗಣಿತಜ್ಞ ಕಮೀಯ್ ಜೋರ್ಡಾನ್ ಹೆಸರಿನ ಪ್ರಮೇಯ. ಕೇಳಲು ಸರಳ, ಸಾಧಿಸುವುದು ಕಷ್ಟ.

ಅದೇ ತರ್ಕ ಅಂಚಿನ ಮೇಲೂ ನಡೆಯುತ್ತದೆ. ಚೌಕದ ಹೊರಸುತ್ತನ್ನು ಒಮ್ಮೆ ಪ್ರದಕ್ಷಿಣೆ ಮಾಡಿದರೆ ಬಣ್ಣ ಎರಡು ಸಲಕ್ಕಿಂತ ಹೆಚ್ಚು ಬದಲಾಗದು: ಕಪ್ಪಿನದೊಂದು ಸರಣಿ, ಬಿಳಿಯದೊಂದು ಸರಣಿ, ಮುಗಿಯಿತು.

ಈಗ ಅಂಕಿಗಳನ್ನು ತರೋಣ. ಸಾಲಿನ ಹೊರಗೆ ಬರೆದ ಸುಳಿವು ಆ ಸಾಲಿನ ಕಪ್ಪು ಮನೆಗಳ ಮೊತ್ತ ಎಂದಿರಲಿ. ಎಲ್ಲಕ್ಕಿಂತ ಮೇಲಿನ ಅಡ್ಡಸಾಲಿಗೆ 3 ಎಂಬ ಸುಳಿವು. ಅಂದರೆ ಅಲ್ಲಿ 3 ಒಂಟಿಯಾಗಿ ಕಪ್ಪಾಗಿದೆ, ಇಲ್ಲವೇ 1 ಮತ್ತು 2 ಕಪ್ಪಾಗಿವೆ. ಎರಡನೆಯದಾದರೆ ಅವು ಎಲ್ಲಿ ಕೂರಬಹುದು? ಅಂಚಿನ ನಿಯಮದ ಪ್ರಕಾರ ಅಕ್ಕಪಕ್ಕ ಕೂರಬೇಕು, ಅಥವಾ ಎರಡು ಮೂಲೆಗಳಲ್ಲಿ ಕೂತು ಉಳಿದ ಮೂರು ಅಂಚನ್ನೂ ಪೂರ್ತಿ ಕಪ್ಪು ಮಾಡಬೇಕು. ಹಾಗೆ ಮಾಡಿದರೆ ಎಡಗಡೆಯ ಕಂಬಸಾಲಿನ ಮೊತ್ತ 45 ಆಗುತ್ತದೆ. ಅಲ್ಲಿನ ಸುಳಿವು 20 ಎಂದಿದ್ದರೆ ಮೂಲೆಗಳ ಮಾತು ಅಲ್ಲಿಗೇ ಬಿತ್ತು, 1-2 ಅಕ್ಕಪಕ್ಕವೇ. ಮೇಲಿನ ಸಾಲಿನಲ್ಲಿ ಇಷ್ಟು ಬಿಳಿ ಇರುವಾಗ, ಜೋಡಿ ಬಿಳಿಯ ಕೆಳಗೆ ಇನ್ನೊಂದು ಜೋಡಿ ಬಿಳಿ ಬರುವಂತಿಲ್ಲ. ಲೆಕ್ಕ ಹಾಕಿ ನೋಡಿ: ಕಪ್ಪು ಎಲ್ಲಿದ್ದರೂ ಎರಡನೆಯ ಸಾಲಿಗೆ ಕನಿಷ್ಠ ಮೂರು ಕಪ್ಪು ಮನೆ ಬೇಕು, ಹಾಗಾಗಿ ಅದರ ಮೊತ್ತ 6ಕ್ಕಿಂತ ಕೆಳಗಿಳಿಯದು. ಮೊತ್ತದಿಂದ ಆಕಾರ, ಆಕಾರದಿಂದ ಇನ್ನೊಂದು ಮೊತ್ತ. ಈ ಕೊಡು-ಕೊಳ್ಳುವಿಕೆಗಾಗಿಯೇ ನಾನು ಸಾದಾ ಸುಡೊಕು ಬಿಟ್ಟು ಇತ್ತ ಹೊರಳಿದ್ದು.

ಕಂಪ್ಯೂಟರ್ ಇದನ್ನು ಬೇರೆಯೇ ರೀತಿ ನೋಡುತ್ತದೆ. ಅದಕ್ಕೆ ಸುಡೊಕು ಎಂದರೆ 729 ‘ಹೌದು-ಅಲ್ಲ’ ಪ್ರಶ್ನೆಗಳು: 81 ಮನೆ, ಪ್ರತಿಯೊಂದಕ್ಕೂ 9 ಸಾಧ್ಯತೆ. ಬಣ್ಣಕ್ಕೆ ಇನ್ನೊಂದು 81. 2×2 ನಿಯಮ ಬರೆಯುವುದು ಸಲೀಸು. 64 ಜಾಗ, ಎರಡೆರಡು ಬಣ್ಣ, ಒಟ್ಟು 128 ನಿರ್ಬಂಧ. ತೊಡಕಾಗುವುದು ‘ಒಂದೇ ತುಂಡು’ ಎಂಬಲ್ಲಿ. ನಾಲ್ಕು ಮನೆ ನೋಡಿ ಅದನ್ನು ತೀರ್ಮಾನಿಸಲಾಗದು, ಇಡೀ ಚೌಕವನ್ನು ನೋಡಬೇಕು. ಒಂದು ಉಪಾಯವೆಂದರೆ ಆ ನಿಯಮವನ್ನು ಸದ್ಯಕ್ಕೆ ಕೈಬಿಟ್ಟು ಉತ್ತರ ಹುಡುಕುವುದು, ತುಂಡಾಗಿದ್ದರೆ ‘ಇಂಥ ತುಂಡು ಬೇಡ’ ಎಂದು ಹೊಸ ನಿರ್ಬಂಧ ಸೇರಿಸಿ ಮತ್ತೆ ಹುಡುಕಿಸುವುದು.

ಒಗಟಿಗೆ ಒಂದೇ ಉತ್ತರವಿದೆಯೇ ಎಂಬ ಪರೀಕ್ಷೆಯೂ ಹೀಗೆಯೇ: ಸಿಕ್ಕ ಉತ್ತರವನ್ನು ನಿಷೇಧಿಸಿ ಇನ್ನೊಂದನ್ನು ಕೇಳುವುದು. ಯಾತೊ ತಕಾಯುಕಿ ಮತ್ತು ಸೇತಾ ತಕಾಹಿರೊ 2003ರಲ್ಲಿ ತೋರಿಸಿದಂತೆ, ಚೌಕ ದೊಡ್ಡದಾಗುತ್ತ ಹೋದಾಗ ಈ ‘ಇನ್ನೊಂದು ಉತ್ತರ’ದ ಪ್ರಶ್ನೆ ಸುಡೊಕುವಿನಲ್ಲಿ ಕಠಿಣ ಸಮಸ್ಯೆಗಳ ಸಾಲಿಗೇ ಸೇರುತ್ತದೆ. 9×9ರ ಗಾತ್ರಕ್ಕೆ ಯಂತ್ರ ಸಾಕಷ್ಟು ಚುರುಕು. ಆದರೆ ಮನುಷ್ಯನೊಬ್ಬ ಪೆನ್ಸಿಲ್ ಹಿಡಿದು, ಊಹೆಗೆ ಬೀಳದೆ, ಹೆಜ್ಜೆ ಹೆಜ್ಜೆಯಾಗಿ ಅಲ್ಲಿಗೆ ತಲುಪಬಲ್ಲನೇ ಎಂಬುದು ಈ ಪರೀಕ್ಷೆಯಿಂದ ತಿಳಿಯದು. ಅದು ಒಗಟು ಕಟ್ಟುವವರ ಹೊಣೆ. ಮೇಲಿನ ಸಾಲಿನ ಹೊರಗೆ ಆ ಪುಟ್ಟ 3 ಬರೆಯುವವರು ಬಿಡಿಸುವವರ ಕಣ್ಣನ್ನು ಅಂಚಿನತ್ತ ತಿರುಗಿಸಲೆಂದೇ ಬರೆದಿರುತ್ತಾರೆ.

ಹೊಸದಾಗಿ ಶುರು ಮಾಡುವವರು ಅಂಕಿಗೆ ಒಂದು ಪೆನ್ಸಿಲ್, ಬಣ್ಣಕ್ಕೆ ಇನ್ನೊಂದು ಇಟ್ಟುಕೊಳ್ಳಿ. ಬಿಳಿ ಎಂದು ಖಚಿತವಾದ ಮನೆಗೂ ಚುಕ್ಕೆ ಇಡಿ, ಖಾಲಿ ಬಿಟ್ಟರೆ ‘ಇನ್ನೂ ಗೊತ್ತಿಲ್ಲ’ ಎಂಬುದರ ಜೊತೆ ಬೆರೆತುಹೋಗುತ್ತದೆ. ಮೊದಲು 45ಕ್ಕೆ ಹತ್ತಿರವಿರುವ ಮತ್ತು 5ಕ್ಕಿಂತ ಕಡಿಮೆಯ ಸುಳಿವುಗಳನ್ನು ಹುಡುಕಿ. 44 ಎಂದಿದ್ದರೆ ಆ ಸಾಲಿನಲ್ಲಿ ಬಿಳಿ ಮನೆ ಒಂದೇ ಒಂದು, ಮತ್ತು ಅದರಲ್ಲಿರುವುದು 1.