ಕಲೆಗೆ ಸರ್ಕಾರದ ಹಣ: ಬರುವ ದಾರಿ, ಜನರನ್ನು ಮುಟ್ಟುವ ಬಗೆ

ನಾಟಕ, ಬಯಲಾಟ, ಡೊಳ್ಳುಕುಣಿತ, ಸಂಗೀತ, ಚಿತ್ರಕಲೆಗಳಿಗಾಗಿ ಸರ್ಕಾರ ಪ್ರತಿವರ್ಷ ಬಜೆಟ್ಟಿನಲ್ಲಿ ಹಣ ತೆಗೆದಿಡುತ್ತದೆ. ಅದು ನಮ್ಮೆಲ್ಲರ ತೆರಿಗೆಯ ಹಣ. ಅದು ಯಾವ ದಾರಿಯಲ್ಲಿ ಬರುತ್ತದೆ, ಊರಿನ ಸಂಘ ಅದನ್ನು ಪಡೆಯುವುದು ಹೇಗೆ ಎಂಬುದು ಕಲಾಸಕ್ತರಿಗೆಲ್ಲ ತಿಳಿದಿರಬೇಕು.

ಹಣ ಬರುವ ದಾರಿಗಳು

ಮೊದಲನೆಯದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಸಂಘ ಸಂಸ್ಥೆಗಳ ಕಾರ್ಯಕ್ರಮಗಳಿಗೆ ಧನಸಹಾಯ, ವಾದ್ಯ ಮತ್ತು ವೇಷಭೂಷಣ ಕೊಳ್ಳಲು ನೆರವು, ಹಿರಿಯ ಕಲಾವಿದರಿಗೆ ಮಾಸಾಶನ ಇಲ್ಲಿಂದ ಬರುತ್ತವೆ. ಪರಿಶಿಷ್ಟ ಜಾತಿ, ಪಂಗಡಗಳ ಕಲಾವಿದರಿಗೆ ಪ್ರತ್ಯೇಕ ಯೋಜನೆಗಳಿವೆ.

ಎರಡನೆಯದು ಅಕಾಡೆಮಿಗಳು. ನಾಟಕ, ಸಂಗೀತ ನೃತ್ಯ, ಲಲಿತಕಲೆ, ಶಿಲ್ಪ, ಜಾನಪದ, ಯಕ್ಷಗಾನ ಹೀಗೆ ಒಂದೊಂದಕ್ಕೂ ಒಂದೊಂದು ಅಕಾಡೆಮಿ ಇದೆ. ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲಿದೆ. ಸರ್ಕಾರ ನೇಮಿಸುವ ಅಧ್ಯಕ್ಷರು, ಸದಸ್ಯರು ಶಿಬಿರ, ಉತ್ಸವ, ಪ್ರಶಸ್ತಿಗಳನ್ನು ನಿರ್ಧರಿಸುತ್ತಾರೆ.

ಮೂರನೆಯದು ಸರ್ಕಾರವೇ ನಡೆಸುವ ರಂಗಸಂಸ್ಥೆ. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದಲ್ಲಿ ಕಲಾವಿದರಿಗೆ ನಟನೆಯೇ ಉದ್ಯೋಗವಾಯಿತು. ಆಮೇಲೆ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ರಂಗಾಯಣಗಳು ತಲೆಯೆತ್ತಿದವು.

ಇವುಗಳ ಜೊತೆಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಅನುದಾನವೂ ಇದೆ. ಅದರ ಗುರು-ಶಿಷ್ಯ ಪರಂಪರೆ ಯೋಜನೆಯಲ್ಲಿ ತಂಡದ ಗುರುಗಳಿಗೂ ಶಿಷ್ಯರಿಗೂ ಗೌರವಧನ ಸಿಗುತ್ತದೆ.

ಅರ್ಜಿಗೆ ಮುನ್ನ

ಸಂಘ ನೋಂದಣಿಯಾಗಿರಬೇಕು, ಅದರ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಬೇಕು. ಲೆಕ್ಕಪರಿಶೋಧನೆಯಾದ ವರದಿ, ನಡೆಸಿದ ಕಾರ್ಯಕ್ರಮಗಳ ಆಹ್ವಾನಪತ್ರಿಕೆ, ಫೋಟೊ, ಪತ್ರಿಕಾ ವರದಿಗಳನ್ನು ವರ್ಷವಾರು ಜೋಡಿಸಿಟ್ಟುಕೊಳ್ಳಿ. ಕೇಂದ್ರದ ಅನುದಾನ ಬೇಕಿದ್ದರೆ ಸ್ವಯಂಸೇವಾ ಸಂಸ್ಥೆಗಳ ‘ದರ್ಪಣ್’ ಪೋರ್ಟಲ್‌ನಲ್ಲಿಯೂ ನೋಂದಾಯಿಸಿ. ಪ್ರಕಟಣೆ ಬಂದ ಮೇಲೆ ಕಾಗದಪತ್ರಕ್ಕೆ ಓಡಾಡುವವರಿಗೆ ಕೊನೆಯ ದಿನಾಂಕ ತಪ್ಪಿಹೋಗುತ್ತದೆ. ಜಿಲ್ಲಾ ಕೇಂದ್ರದಲ್ಲಿರುವ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಹಣ ಖರ್ಚಾದ ಮೇಲೆ ರಶೀದಿಗಳ ಸಮೇತ ಹಣಬಳಕೆ ಪ್ರಮಾಣಪತ್ರ ಕೊಡಬೇಕು. ಅದನ್ನು ಕೊಡದ ಸಂಘಕ್ಕೆ ಮುಂದಿನ ಕಂತು ಸಿಗುವುದು ಕಷ್ಟ.

ಜನ ಬರುವುದು ಹೇಗೆ?

ಕಲಾವಿದರಿಗೆ ಸಂಭಾವನೆ ಸಂದರೆ ಅರ್ಧ ಕೆಲಸವಾದಂತೆ. ಇನ್ನರ್ಧ, ನೋಡುವವರನ್ನು ಬೆಳೆಸುವುದು. ಮೈಸೂರು ರಂಗಾಯಣದ ಬೇಸಿಗೆ ಶಿಬಿರ ‘ಚಿಣ್ಣರ ಮೇಳ’ದಲ್ಲಿ ಮಕ್ಕಳು ಆಡುತ್ತಾ ಹಾಡುತ್ತಾ ನಾಟಕ ಕಟ್ಟಿ, ಕೊನೆಗೆ ತಾವೇ ರಂಗದ ಮೇಲೆ ಆಡುತ್ತಾರೆ. ಮಗುವನ್ನು ನೋಡಲು ಅಪ್ಪ, ಅಮ್ಮ, ಅಜ್ಜಿ ಎಲ್ಲ ಬರುತ್ತಾರೆ. ಅದೇ ರಂಗಾಯಣದ ‘ಬಹುರೂಪಿ’ ಉತ್ಸವದಲ್ಲಿ ನಾಟಕದ ಜೊತೆ ಜಾನಪದ ಕಲೆ, ಸಿನಿಮಾ, ವಿಚಾರ ಸಂಕಿರಣ, ಪುಸ್ತಕ ಮಳಿಗೆ, ತಿಂಡಿ ಮಳಿಗೆ ಒಂದೇ ಆವರಣದಲ್ಲಿರುತ್ತವೆ. ತಿಂಡಿಗೆ ಬಂದವರೂ ಡೊಳ್ಳಿನ ಸದ್ದಿಗೆ ನಿಂತು ನೋಡುತ್ತಾರೆ. 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಬಯಲಿನಲ್ಲಿ ರಂಗಕ್ಕೆ ತಂದಾಗ ಪ್ರೇಕ್ಷಕರು ಇರುಳೆಲ್ಲ ಒಂದು ವೇದಿಕೆಯಿಂದ ಇನ್ನೊಂದಕ್ಕೆ ನಡೆದು ಸುಮಾರು 9 ಗಂಟೆಯ ನಾಟಕ ನೋಡಿದರು. ಅಷ್ಟು ದೊಡ್ಡ ಪ್ರಯೋಗವನ್ನು ಟಿಕೆಟ್ಟಿನ ಹಣವೊಂದನ್ನೇ ನಂಬಿ ಮಾಡುವುದು ಕಷ್ಟ.

ಖಾಸಗಿ ಪ್ರಯತ್ನದ ಪಾಠವೂ ನಮ್ಮಲ್ಲೇ ಇದೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಆರಂಭಿಸಿದ ‘ತಿರುಗಾಟ’ದಲ್ಲಿ ತಂಡ ನಾಟಕಗಳನ್ನು ಹೊತ್ತು ಊರೂರಿಗೆ ಹೋಗುತ್ತದೆ. ಆಯಾ ಊರಿನ ಸಂಘ ಜಾಗ, ಊಟ, ಪ್ರಚಾರದ ಹೊಣೆ ಹೊರುತ್ತದೆ. ಹೊಣೆ ಹೊತ್ತ ಊರಿಗೆ ಆ ನಾಟಕ ತನ್ನದೇ ಆಗುತ್ತದೆ.

ನಿಮ್ಮ ಸಂಘಕ್ಕೆ ಅನುದಾನ ಬಂದರೆ ಅದರ ಒಂದು ಪಾಲನ್ನು ಪ್ರೇಕ್ಷಕರಿಗಾಗಿ ಎತ್ತಿಡಿ. ಪ್ರದರ್ಶನಕ್ಕೆ ಮುನ್ನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದು ತಾಲೀಮು ನಡೆಸಿ. ಕೂಲಿ ಮುಗಿಸಿ ಬರುವವರಿಗೆ ಅನುಕೂಲವಾಗುವ ಹೊತ್ತು ಗೊತ್ತುಮಾಡಿ. ಸನ್ಮಾನ, ಭಾಷಣಗಳನ್ನು ಕಡಿಮೆ ಮಾಡಿ, ಮೊದಲ ಸಾಲಿನ ಕುರ್ಚಿಗಳನ್ನು ಮಕ್ಕಳಿಗೆ ಬಿಡಿ. ತೆರಿಗೆ ಎಲ್ಲರದೂ ಆದ ಮೇಲೆ ರಂಗಮಂದಿರದ ಬಾಗಿಲೂ ಎಲ್ಲರಿಗೂ ತೆರೆದಿರಲೇಬೇಕು.