ಏಳು ಬಿಲ್ಲೆ, ಒಂದು ವಾದ

1812ರ ಜುಲೈ 12ರಂದು ಲಂಡನ್ನಿನ ಇಪ್ಪತ್ತು ವರ್ಷದ ಯುವಕನೊಬ್ಬ ತನ್ನ ಗೆಳೆಯನಿಗೆ ಪತ್ರ ಬರೆದ. ಅರ್ಧ ಪೆನ್ನಿ ನಾಣ್ಯದ ಅಳತೆಗೆ ಸತುವಿನ ತಗಡಿನಿಂದ ಏಳು ಬಿಲ್ಲೆಗಳನ್ನು ಸ್ವತಃ ತಾನೇ ಕತ್ತರಿಸಿದ್ದು, ಅವುಗಳ ಮೇಲೆ ಏಳು ತಾಮ್ರದ ನಾಣ್ಯಗಳನ್ನು ಪೇರಿಸಿದ್ದು, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದದ ಚೂರುಗಳನ್ನಿಟ್ಟು ವಿದ್ಯುತ್ಕೋಶ ಕಟ್ಟಿದ್ದು - ಎಲ್ಲವನ್ನೂ ಆತ ಅದರಲ್ಲಿ ಸಂಭ್ರಮದಿಂದ ವರ್ಣಿಸಿದ್ದ. ಆ ಪುಟ್ಟ ಕೋಶದಿಂದ ಹರಿದ ವಿದ್ಯುತ್ತು ಮೆಗ್ನೀಷಿಯಂ ಸಲ್ಫೇಟ್ ಎಂಬ ಲವಣವನ್ನು ವಿಭಜಿಸಿತ್ತು. ಯುವಕನ ಕಸುಬು ಪುಸ್ತಕಗಳಿಗೆ ರಟ್ಟು ಕಟ್ಟುವುದು. ಹೆಸರು ಮೈಕೇಲ್ ಫ್ಯಾರಡೆ.

ಅಂದಿಗೆ ಫ್ಯಾರಡೆ ವಿಜ್ಞಾನಿಯಲ್ಲ, ರಸಾಯನಶಾಸ್ತ್ರದ ಹುಚ್ಚು ಹಿಡಿದ ಹವ್ಯಾಸಿ ಅಷ್ಟೆ. ಕಮ್ಮಾರನ ಮಗನಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು ಗಗನಕುಸುಮ. ಹೆಂಗಸರಿಗಂತೂ ಆ ವಿಶ್ವವಿದ್ಯಾಲಯಗಳ ಬಾಗಿಲೇ ಮುಚ್ಚಿತ್ತು. ಹೀಗೆ ಹೊರಗುಳಿದವರು ತಮ್ಮ ಶಾಲೆಯನ್ನು ತಾವೇ ಕಟ್ಟಿಕೊಂಡರು. ಆ ಶಾಲೆಯ ಬಂಡವಾಳ ಮಾತುಕತೆ.

ಜಾನ್ ಟೇಟಮ್ ಎಂಬ ಬೆಳ್ಳಿ ಕೆಲಸಗಾರ 1808ರಲ್ಲಿ ತನ್ನ ಮನೆಯಲ್ಲೇ 'ಸಿಟಿ ಫಿಲಸಾಫಿಕಲ್ ಸೊಸೈಟಿ'ಯನ್ನು ಆರಂಭಿಸಿದ್ದ. ಬುಧವಾರ ಸಂಜೆ ಅಲ್ಲಿ ಯುವಕರು ಕೂಡಿ ವಿಜ್ಞಾನದ ಚರ್ಚೆ ನಡೆಸುತ್ತಿದ್ದರು. ಟೇಟಮ್‌ನ ಉಪನ್ಯಾಸಗಳಿಗೆ ಒಂದು ಶಿಲಿಂಗ್ ಶುಲ್ಕ. ಫ್ಯಾರಡೆಯ ಪಾಲಿನ ಶಿಲಿಂಗನ್ನು ಕೊಡುತ್ತಿದ್ದವನು ಕಮ್ಮಾರಿಕೆಯಲ್ಲಿದ್ದ ಅಣ್ಣ ರಾಬರ್ಟ್. ಪತ್ರ ತಲುಪಿದ ಗೆಳೆಯ, ಗುಮಾಸ್ತ ಬೆಂಜಮಿನ್ ಅಬಟ್, ಫ್ಯಾರಡೆಗೆ ಸಿಕ್ಕಿದ್ದು ಈ ಕೂಟದಲ್ಲೇ.

ಇನ್ನೊಬ್ಬ ಗುರು ಪುಸ್ತಕದ ರೂಪದಲ್ಲಿ ಬಂದಿದ್ದಳು. ವೈದ್ಯನೊಬ್ಬನ ಪತ್ನಿ ಜೇನ್ ಮಾರ್ಸೆಟ್ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಮೊದಮೊದಲು ಅರ್ಥವಾಗದೆ ಗೊಂದಲಕ್ಕೆ ಬಿದ್ದಿದ್ದಳು. ಸ್ನೇಹಿತರೊಡನೆ ಮಾತನಾಡಿ, ಪ್ರಯೋಗಗಳನ್ನು ಮಾಡಿ ನೋಡಿದ ಮೇಲೆ ವಿಷಯ ತಿಳಿಯಾಯಿತು. ಅದನ್ನೇ ಆಕೆ 'ಕಾನ್ವರ್ಸೇಷನ್ಸ್ ಆನ್ ಕೆಮಿಸ್ಟ್ರಿ' ಎಂಬ ಸಂಭಾಷಣೆಯ ಪುಸ್ತಕವಾಗಿಸಿದಳು. ಒಬ್ಬ ಶಿಕ್ಷಕಿ, ಇಬ್ಬರು ಹುಡುಗಿಯರು, ಪ್ರಶ್ನೋತ್ತರ. ಲೇಖಕಿಯ ಹೆಸರಿಲ್ಲದೆ ಹೊರಬಂದ ಆ ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ಅಂಗಡಿಗೆ ಬಂದ ಪ್ರತಿಯನ್ನು ಫ್ಯಾರಡೆ ಓದಿದ. ಓದಿದ್ದನ್ನು ಸುಮ್ಮನೆ ನಂಬಲಿಲ್ಲ. ಕೈಲಾದಷ್ಟನ್ನು ಪುಟ್ಟ ಪ್ರಯೋಗಗಳಿಂದ ಪರೀಕ್ಷಿಸಿ, ನಿಜವೆಂದು ಕಂಡ ಮೇಲೆ ಒಪ್ಪಿಕೊಂಡ.

ಇವರೆಲ್ಲರ ಮಾತಿನ ಕೇಂದ್ರದಲ್ಲಿದ್ದ ಪ್ರಶ್ನೆ ಒಂದೇ: ಎರಡು ವಸ್ತುಗಳು ಕೂಡಿ ಮೂರನೆಯದಾಗುವುದೇಕೆ? ಮೈಲುತುತ್ತದ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಸ್ವಲ್ಪ ಹೊತ್ತಿಗೆ ಅದರ ಮೇಲೆ ತಾಮ್ರದ ಕೆಂಪು ಲೇಪ ಕೂರುತ್ತದೆ. ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಹೊರಬೀಳುತ್ತದೆ. ತಾಮ್ರಕ್ಕಿಂತ ಕಬ್ಬಿಣಕ್ಕೆ ಆಮ್ಲದ ಮೇಲೆ ಹೆಚ್ಚು 'ಒಲವು' ಎಂಬುದು ಅಂದಿನ ವಿವರಣೆ. ಯಾವುದಕ್ಕೆ ಯಾವುದರ ಮೇಲೆ ಎಷ್ಟು ಒಲವು ಎಂಬ ಪಟ್ಟಿಯನ್ನು ಫ್ರಾನ್ಸಿನ ಜೆಫ್ರಾಯ್ 1718ರಲ್ಲೇ ಮಾಡಿದ್ದ. ಆದರೆ ಒಲವು ಎಂಬುದು ಹೆಸರು ಮಾತ್ರ, ಕಾರಣವಲ್ಲ.

ಕಾರಣದ ಸುಳಿವು ದೊರೆತದ್ದು ವಿದ್ಯುತ್ತಿನಿಂದ. 1807ರಲ್ಲಿ ಡೇವಿ ವಿದ್ಯುತ್ ಹಾಯಿಸಿ ಕ್ಷಾರಗಳಿಂದ ಪೊಟ್ಯಾಸಿಯಂ ಮತ್ತು ಸೋಡಿಯಂಗಳನ್ನು ಬೇರ್ಪಡಿಸಿದ. ಬಿಡಿಸಬಲ್ಲದ್ದು ವಿದ್ಯುತ್ತಾದರೆ, ಕಟ್ಟಿಹಾಕಿದ್ದರಲ್ಲೂ ಅದರ ಕೈವಾಡ ಇರಬೇಕಲ್ಲವೆ? ಏಳು ಬಿಲ್ಲೆಗಳ ಕೋಶದ ಮುಂದೆ ಕೂತ ಯುವಕ ಕೈ ಹಾಕಿದ್ದು ಇಂಥ ದೊಡ್ಡ ಪ್ರಶ್ನೆಗೆ.

ಅದೇ ವರ್ಷ ಗೆಳೆಯರಿಬ್ಬರ ಪತ್ರಗಳಲ್ಲಿ ಒಂದು ವಾದ ಬೆಳೆಯಿತು. ವಿಷಯ ಕ್ಲೋರಿನ್. ಆಮ್ಲಗಳೆಲ್ಲದರಲ್ಲೂ ಆಕ್ಸಿಜನ್ ಇರಲೇಬೇಕೆಂದು ಲವಾಸಿಯೆ ಹೇಳಿದ್ದ. ಕನ್ನಡದ 'ಆಮ್ಲಜನಕ' ಎಂಬ ಹೆಸರು ಆ ನಂಬಿಕೆಯ ಕುರುಹು. ಅದರಂತೆ ಹಸಿರು ಹಳದಿ ಬಣ್ಣದ ಆ ಅನಿಲವೂ ಆಕ್ಸಿಜನ್ ಬೆರೆತ ಸಂಯುಕ್ತವೆಂದೇ ಎಣಿಕೆ. 1810ರಲ್ಲಿ ಡೇವಿ, ಅಲ್ಲ, ಅದು ಮೂಲವಸ್ತು ಎಂದು ಸಾರಿ 'ಕ್ಲೋರಿನ್' ಎಂದು ಹೆಸರಿಟ್ಟ. ಅಬಟ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಫ್ಯಾರಡೆ ಪತ್ರದ ಮೇಲೆ ಪತ್ರ ಬರೆದು ಡೇವಿಯ ಪಕ್ಷ ಹಿಡಿದ. ದೊಡ್ಡವರು ಹೇಳಿದ್ದಾರೆ ಎಂಬುದು ಅವನ ವಾದವಾಗಿರಲಿಲ್ಲ. ಪ್ರಯೋಗ ಏನು ತೋರಿಸುತ್ತದೆ ಎಂಬುದೇ ವಾದ.

ಪ್ರಯೋಗ ತೋರಿಸಿದ್ದು ಇದನ್ನು: ಒಣ ಕ್ಲೋರಿನ್ನಿನಲ್ಲಿ ಇದ್ದಿಲನ್ನು ಬೆಳ್ಳಗೆ ಕಾಯಿಸಿದರೂ ಏನೂ ಆಗುವುದಿಲ್ಲ. ಒಳಗೆ ಆಕ್ಸಿಜನ್ ಇದ್ದಿದ್ದರೆ ಅದು ಇದ್ದಿಲಿನ ಕಾರ್ಬನ್ನಿನೊಡನೆ ಕೂಡಿ ಬೇರೆ ಅನಿಲವಾಗಬೇಕಿತ್ತು. ಉರಿಯುವ ಮೇಣದ ಬತ್ತಿಯನ್ನು ಕ್ಲೋರಿನ್ ಪಾತ್ರೆಗೆ ಇಳಿಸಿದರೆ ಜ್ವಾಲೆ ಮಂಕಾಗಿ ಕಪ್ಪು ಹೊಗೆ ಏಳುತ್ತದೆ. ಕ್ಲೋರಿನ್ ಮೇಣದೊಳಗಿನ ಹೈಡ್ರೋಜನ್ನನ್ನು ಸೆಳೆದುಕೊಳ್ಳುತ್ತದೆ, ಬೇಡವಾದ ಕಾರ್ಬನ್ ಮಸಿಯಾಗಿ ಹೊರಬೀಳುತ್ತದೆ.

ಈ ಕಾರ್ಬನ್ನಿಗೂ ಕ್ಲೋರಿನ್ನಿಗೂ ಕೂಡಿ ಬಾರದು ಎಂದೇ ತೋರುತ್ತಿತ್ತು. ಆದರೆ ಎಂಟು ವರ್ಷಗಳ ನಂತರ, 1820ರಲ್ಲಿ, ಎರಡನ್ನೂ ಬಳಸುದಾರಿಯಿಂದ ಕೂಡಿಸಿ, ಅವೆರಡೇ ಇರುವ ಸಂಯುಕ್ತಗಳನ್ನು ಮೊದಲು ತಯಾರಿಸಿದವನು ಫ್ಯಾರಡೆಯೇ. ಅಷ್ಟರಲ್ಲಿ ಅವನು ಹವ್ಯಾಸಿಯಾಗಿ ಉಳಿದಿರಲಿಲ್ಲ. ಡೇವಿಯ ಉಪನ್ಯಾಸಗಳ ಟಿಪ್ಪಣಿಗಳನ್ನು ಚೆಂದವಾಗಿ ರಟ್ಟು ಕಟ್ಟಿ ಡೇವಿಗೇ ಕಳುಹಿಸಿದ್ದ. 1813ರ ಮಾರ್ಚ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತ್ತು.

ಬಿಲ್ಲೆಗಳ ಪ್ರಶ್ನೆಯನ್ನೂ ಆತ ಮರೆಯಲಿಲ್ಲ. ಎಷ್ಟು ವಿದ್ಯುತ್ ಹಾಯಿಸಿದರೆ ಎಷ್ಟು ವಸ್ತು ಬಿಡುಗಡೆಯಾಗುತ್ತದೆ ಎಂಬುದಕ್ಕೆ ಖಚಿತ ಲೆಕ್ಕವಿದೆಯೆಂದು 1833-34ರಲ್ಲಿ ನಿಯಮ ಕೊಟ್ಟ. 'ಅಯಾನು', 'ಎಲೆಕ್ಟ್ರೋಡ್' ಪದಗಳು ಬಳಕೆಗೆ ಬಂದದ್ದು ಆಗಲೇ. ಆ ಲೆಕ್ಕವನ್ನು ಹಿಡಿದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1881ರಲ್ಲಿ, ವಿದ್ಯುತ್ತಿಗೂ ಪರಮಾಣುವಿನಂಥ ಕಣಗಳಿರಬೇಕೆಂದ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ. 1916ರಲ್ಲಿ ಅಮೆರಿಕದ ಲೂಯಿಸ್, ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದೇ ಬಂಧ ಎಂದು ವಿವರಿಸಿದ.

ಗೆಳೆಯರ ವಾದಕ್ಕೆ ಉತ್ತರ ಪೂರ್ಣವಾದದ್ದು ಇಲ್ಲಿ. ಕ್ಲೋರಿನ್ ಪರಮಾಣುವಿನ ಹೊರಕವಚದಲ್ಲಿ ಏಳು ಎಲೆಕ್ಟ್ರಾನುಗಳಿವೆ. ಎಂಟಾದರೆ ಅದು ಸ್ಥಿರ. ಸೋಡಿಯಂ ತನ್ನಲ್ಲಿರುವ ಒಂದನ್ನು ಬಿಟ್ಟುಕೊಟ್ಟರೆ ಹುಟ್ಟುವುದು ಅಡುಗೆ ಉಪ್ಪು. ಹೈಡ್ರೋಜನ್ ತನ್ನ ಒಂದನ್ನು ಹಂಚಿಕೊಂಡರೆ ಹೈಡ್ರೋಜನ್ ಕ್ಲೋರೈಡ್. ಅದು ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ. ಆ ಆಮ್ಲದ ಅಣುವಿನಲ್ಲಿ ಆಕ್ಸಿಜನ್ ಎಳ್ಳಷ್ಟೂ ಇಲ್ಲ. ಹಿಂದಿನವರು ಒಲವು ಎಂದದ್ದು ಎಲೆಕ್ಟ್ರಾನುಗಳ ಕೊಡುಕೊಳೆ.

ಇಂದು ಶಾಲೆಯ ಮಕ್ಕಳು ಈ ಮಾತನ್ನು ಒಂದು ಸಾಲಿನಲ್ಲಿ ಬಾಯಿಪಾಠ ಮಾಡುತ್ತಾರೆ. ಆ ಒಂದು ಸಾಲಿಗೆ ನೂರು ವರ್ಷ ಹಿಡಿಯಿತು. ಅದರ ಹಿಂದೆ ಅಣ್ಣ ಕೊಟ್ಟ ಶಿಲಿಂಗಿದೆ, ಒಪ್ಪದ ಗೆಳೆಯನಿದ್ದಾನೆ, ಹೆಸರು ಹಾಕಿಕೊಳ್ಳದ ಲೇಖಕಿಯಿದ್ದಾಳೆ. 1858ರಲ್ಲಿ ಮಾರ್ಸೆಟ್ ತೀರಿಕೊಂಡಾಗ, ಜಗತ್ಪ್ರಸಿದ್ಧನಾಗಿದ್ದ ಫ್ಯಾರಡೆ ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಆಕೆಯನ್ನು ತನ್ನ ಮೊದಲ ಗುರುವೆಂಬಂತೆ ನೆನೆದ. ತನ್ನ ಸಂಶೋಧನಾ ಲೇಖನಗಳ ಪ್ರತಿಗಳನ್ನು ಆತ ಆಕೆಗೆ ಕಳುಹಿಸುತ್ತಿದ್ದದ್ದೂ ಗುರುಕಾಣಿಕೆಯೆಂದೇ.